ಮಡಿಕೇರಿಯ ಕೋಟೆ: ದಂಡಿನ ನೆಲೆಯು ಸಭಾರಂಗವಾದ ಬಗೆ

ಒಂದು ಕಟ್ಟಡವು ಯಾವ ಉದ್ದೇಶದಿಂದ ಹುಟ್ಟಿತೋ ಆ ಉದ್ದೇಶವು ತೀರಿಹೋದ ಮೇಲೆಯೂ ಅದು ನೂರಾರು ವರ್ಷ ನಿಂತಿರುವುದು ನಮ್ಮ ನಾಡಿನಲ್ಲಿ ಅಪೂರ್ವವಾದ ಸಂಗತಿಯಲ್ಲ. ಆದರೆ ಹಾಗೆ ನಿಂತಿರುವ ಕಟ್ಟಡಗಳಲ್ಲಿ ಕೆಲವು ಬರಿದೆ ಹಾಳುಗೋಡೆಗಳಾಗಿ ಉಳಿಯುವುವು. ಕೆಲವು ಕಾಲಕಾಲಕ್ಕೆ ಹೊಸ ಕೆಲಸಕ್ಕೆ ಒದಗಿ ಜನಜೀವನದ ಅಂಗವಾಗಿಯೇ ಮುಂದುವರಿಯುವುವು. ಕೊಡಗಿನ ಮುಖ್ಯಪಟ್ಟಣವಾದ ಮಡಿಕೇರಿಯ ಕೋಟೆಯು ಈ ಎರಡನೆಯ ವರ್ಗಕ್ಕೆ ಸೇರಿದುದು. ಮೂರು ಶತಮಾನಗಳಿಗೂ ಮೀರಿದ ಅವಧಿಯಲ್ಲಿ ಅದು ದಂಡಿನ ನೆಲೆ, ಅರಸರ ವಾಸಸ್ಥಾನ, ಪರದೇಶೀಯರ ಆಡಳಿತದ ಕಚೇರಿ, ಪ್ರಾರ್ಥನಾಮಂದಿರ, ಶಾಸನಸಭೆ, ವಸ್ತುಪ್ರದರ್ಶನಶಾಲೆ ಎಂಬ ಅನೇಕ ವೇಷಗಳನ್ನು ಧರಿಸಿರುವುದು. ಜನರನ್ನು ಹೊರಗೆ ತಡೆಯಲೆಂದು ಕಟ್ಟಿದ ಸ್ಥಳವು ಜನರು ಕೂಡತಕ್ಕ ರಂಗವಾಗಿ ಮಾರ್ಪಟ್ಟುದು ಹೇಗೆ, ಆ ಮಾರ್ಪಾಟಿನಿಂದ ಲಾಭವೇನು, ತೊಡಕೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಕೋಟೆಯ ಹುಟ್ಟು

ಹಾಲೇರಿಯ ಮನೆತನದ ಮುದ್ದುರಾಜನು ೧೬೮೧ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಈಗಿನ ಮಡಿಕೇರಿಗೆ ಬದಲಾಯಿಸಿ, ಅಲ್ಲಿಯ ಎತ್ತರವಾದ ದಿಣ್ಣೆಯ ಮೇಲೆ ಒಂದು ಮಣ್ಣಿನ ಕೋಟೆಯನ್ನೂ ಅದರೊಳಗೆ ಒಂದು ಅರಮನೆಯನ್ನೂ ಕಟ್ಟಿಸಿದನು. ಊರಿಗೆ ಮುದ್ದುರಾಜಕೇರಿ ಎಂಬ ಹೆಸರು ಬಂದು, ಅದೇ ಸವೆದು ಮಡಿಕೇರಿಯಾಯಿತೆಂದು ಸಾಮಾನ್ಯವಾಗಿ ಹೇಳುವರು. ಸಮುದ್ರಮಟ್ಟಕ್ಕೆ ಸುಮಾರು ೩೮೦೦ ಅಡಿಗಳ ಮೇಲಿರುವ ಈ ಸ್ಥಳವನ್ನು ಆರಿಸಿದುದರಲ್ಲಿ ಯುದ್ಧದೃಷ್ಟಿಯೇ ಪ್ರಧಾನವಾಗಿತ್ತೆಂಬುದು ನೋಡಿದೊಡನೆ ತಿಳಿಯುವಂತಿದೆ. ಮಲೆಯಾಳದ ಘಟ್ಟದ ದಾರಿಗೂ ಮೈಸೂರು ಬಯಲಿನ ದಾರಿಗೂ ನಡುವೆ, ಸುತ್ತಲಿನ ಕಣಿವೆಗಳನ್ನು ನೋಡುತ್ತ ನಿಂತ ನೆಲೆಯದು.

೧೭೮೦ರಲ್ಲಿ ಮೊದಲನೆಯ ಲಿಂಗರಾಜನು ತೀರಿಕೊಳ್ಳಲು, ಅರಸುಮಕ್ಕಳು ಅಪ್ರಾಪ್ತವಯಸ್ಕರೆಂಬ ಕಾರಣವನ್ನು ಮುಂದಿಟ್ಟು ಹೈದರಾಲಿಯು ಕೊಡಗಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡನು. ಅವನ ಮಗ ಟಿಪ್ಪುಸುಲ್ತಾನನ ಕಾಲದಲ್ಲಿ ಮಣ್ಣಿನ ಕೋಟೆಯು ಕಲ್ಲಿನ ಕೋಟೆಯಾಯಿತು. ಊರಿಗೆ ಜಾಫರಾಬಾದ್ ಎಂಬ ಹೊಸ ಹೆಸರೂ ಬಂದಿತು. ಇತ್ತ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ದೊಡ್ಡ ವೀರರಾಜೇಂದ್ರನು ೧೭೮೮ರ ಕೊನೆಯಲ್ಲಿ ತಪ್ಪಿಸಿಕೊಂಡು ಬಂದು, ಕೊಡಗರನ್ನು ಕೂಡಿಸಿ, ಸುಲ್ತಾನನ ಠಾಣ್ಯಗಳನ್ನು ಒಂದೊಂದಾಗಿ ಕಿತ್ತುಹಾಕಿದನು. ಕಡೆಯವರೆಗೂ ಉಳಿದುಕೊಂಡುದು ಮಡಿಕೇರಿಯೊಂದೇ. ಅದೂ ೧೭೯೦ರಲ್ಲಿ ರಾಜನ ವಶವಾಯಿತು; ಆ ವರ್ಷದ ಅಕ್ಟೋಬರಿನಲ್ಲಿಯೇ ಅವನು ಇಂಗ್ಲಿಷ್ ಕಂಪನಿಯವರೊಡನೆ ಒಪ್ಪಂದವನ್ನೂ ಮಾಡಿಕೊಂಡನು. ಕೋಟೆಯು ಲಗ್ಗೆಯಿಂದ ಬಿದ್ದುದಲ್ಲ, ಒಳಗಿನವರಿಗೆ ಆಹಾರವು ತೀರಿದುದರಿಂದ ಶರಣಾಯಿತೆಂಬ ಮಾತನ್ನು ಇಲ್ಲಿ ನೆನಪಿನಲ್ಲಿಡಬೇಕು. ಆ ಕಲ್ಲುಗೋಡೆಗಳ ಬಲವನ್ನು ಪರೀಕ್ಷಿಸುವ ಸಂದರ್ಭವು ಆಗಲೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

೨. ರಚನೆಯ ಸ್ವರೂಪ

ಕೋಟೆಯ ಆಕಾರವು ಸಮವಲ್ಲದ ಷಟ್ಕೋನ. ಗುಡ್ಡದ ಅಂಚು ಹೇಗೆ ಬಳಸಿದೆಯೋ ಹಾಗೆಯೇ ಗೋಡೆಯೂ ಬಳಸಿದೆ. ಮೂಲೆಗಳಲ್ಲಿ ದುಂಡಾದ ಕೊತ್ತಲಗಳಿವೆ. ಪ್ರವೇಶವು ಪೂರ್ವದಿಕ್ಕಿನಲ್ಲಿ. ಆದರೆ ಅದು ನೇರವಾದ ಪ್ರವೇಶವಲ್ಲ. ದಾರಿಯು ತಿರುವು ತಿರುವಾಗಿ, ಒಂದರ ಮುಂದೊಂದು ಬಾಗಿಲುಗಳ ಮೂಲಕ ಹಾದು ಒಳಗೆ ಹೋಗುವುದು. ಶತ್ರುವಿನ ಆನೆಯಾಗಲಿ ದಂಡಾಗಲಿ ವೇಗದಿಂದ ನುಗ್ಗಿ ಬಾಗಿಲಿಗೆ ಅಪ್ಪಳಿಸದಂತೆ, ತಿರುವಿನಲ್ಲಿ ಸಿಕ್ಕಿಕೊಂಡು ಮೇಲಿನವರ ಗುಂಡಿಗೆ ಗುರಿಯಾಗುವಂತೆ ಮಾಡುವುದೇ ಇದರ ಉಪಾಯ. ನಮ್ಮ ನಾಡಿನ ಹಳೆಯ ಕೋಟೆಗಳಲ್ಲಿ ಈ ಕ್ರಮವು ಸರ್ವಸಾಧಾರಣವಾಗಿದೆ. ಈ ಅಂಶವನ್ನು ಇಷ್ಟು ವಿಸ್ತರಿಸಿ ಹೇಳಿದುದಕ್ಕೆ ಕಾರಣವು ಮುಂದೆ ತಿಳಿದುಬರುವುದು.

ಒಳಗಿನ ಅರಮನೆಯನ್ನು ಈಗಿನ ರೂಪಕ್ಕೆ ತಂದವನು ವೀರರಾಜೇಂದ್ರನ ತಮ್ಮನಾದ ಎರಡನೆಯ ಲಿಂಗರಾಜೇಂದ್ರ. ೧೮೧೨ರಿಂದ ೧೮೧೪ರ ವರೆಗೆ ನಡೆದ ಈ ಕೆಲಸದಿಂದ ಎರಡು ಅಂತಸ್ತಿನ, ನಡುವೆ ತೆರೆದ ಅಂಗಳವುಳ್ಳ, ಇಟ್ಟಿಗೆಗಾರೆಗಳ ದೊಡ್ಡ ಕಟ್ಟಡವು ನಿಂತಿತು. ನಾಲ್ಕು ಕಡೆಯ ತೊಟ್ಟಿಗಳಿಂದ ಅಂಗಳವನ್ನು ನೋಡುವಂತಿರುವ ಈ ರೀತಿಯು ಕೊಡಗಿನ ಐನ್‌ಮನೆಗೂ ಮಲೆಯಾಳದ ನಾಲ್ಕುಕಟ್ಟಿನ ಮನೆಗೂ ಬಂಧುವಾದುದು. ಅಂಗಳದಲ್ಲಿ ಕಲ್ಲಿನ ಆಮೆಯೊಂದುಂಟು. ಕೋಟೆಯಲ್ಲಿ ಗಾರೆಯಿಂದ ಮಾಡಿದ ಎರಡು ಆನೆಗಳು ನಿಜವಾದ ಆನೆಗಳ ಪ್ರಮಾಣದಲ್ಲಿಯೇ ನಿಂತಿವೆ. ರಾಜನಿಗೆ ದಿನವೂ ವಂದಿಸುತ್ತಿದ್ದ ಎರಡು ಆನೆಗಳನ್ನು ಅವನು ಕೋಪದಿಂದ ಕೊಲ್ಲಿಸಿ, ಬಳಿಕ ಪಶ್ಚಾತ್ತಾಪಪಟ್ಟು ಈ ಬೊಂಬೆಗಳನ್ನು ಮಾಡಿಸಿದನೆಂಬ ಕಥೆಯು ಜನರ ಬಾಯಲ್ಲಿದೆ. ಇದನ್ನು ಐತಿಹ್ಯವೆಂದು ತಿಳಿಯಬೇಕೇ ಹೊರತು ಇತಿಹಾಸವೆಂದಲ್ಲ.

೩. ಕೈ ಬದಲಾದ ಬಳಿಕ

೧೮೩೪ರ ಏಪ್ರಿಲ್ ತಿಂಗಳಿನಲ್ಲಿ ಕರ್ನಲ್ ಫ್ರೇಸರನ ದಂಡು ಮಡಿಕೇರಿಯನ್ನು ಪ್ರವೇಶಿಸಿದಾಗ ಕೋಟೆಯಲ್ಲಿ ಕಾಳಗವೇ ನಡೆಯಲಿಲ್ಲ. ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನು ಆಗ ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆಗೆ ಹೋಗಿದ್ದನು. ಮೇ ತಿಂಗಳಿನಲ್ಲಿ ಕೊಡಗು ಕಂಪನಿಯ ರಾಜ್ಯಕ್ಕೆ ಸೇರಿಹೋಯಿತು. ಕೋಟೆಯು ಹೊಸ ಆಡಳಿತದ ಪೀಠವಾಯಿತು.

ಮೂರು ವರ್ಷಗಳ ಮೇಲೆ ಕೋಟೆಯು ಬೇರೊಂದು ಬಗೆಯ ದೃಶ್ಯಕ್ಕೆ ರಂಗವಾಯಿತು. ಅಮರಸುಳ್ಯದಲ್ಲಿ ಹುಟ್ಟಿ ಮಂಗಳೂರಿನ ವರೆಗೂ ಹಬ್ಬಿದ ೧೮೩೭ರ ದಂಗೆಯು ಅಡಗಿದ ತರುವಾಯ, ಅದರ ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಇಂತಹ ಶಿಕ್ಷೆಯನ್ನು ಬಹಿರಂಗವಾಗಿ ನಡೆಯಿಸುವುದರ ಅಭಿಪ್ರಾಯವೇ ಜನರು ನೋಡಿ ಹೆದರಲಿ ಎಂಬುದು. ಕೋಟೆಯು ಜನರನ್ನು ಒಳಗೆ ಕರೆದುದುಂಟು. ಆದರೆ ಎಂತಹ ಪ್ರದರ್ಶನಕ್ಕೆ ಕರೆದಿತೆಂಬುದನ್ನು ಮರೆಯಲಾಗದು. ಇಂದು ಆ ಅಂಗಳದಲ್ಲಿ ಯಾವ ಸಭೆ ನೆರೆದರೂ, ಯಾವ ಆಟ ನಡೆದರೂ, ಈ ಒಂದು ನೆನಪು ಅದರ ನೆಲದಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಐವತ್ತರ ದಶಕದಲ್ಲಿ ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು ತೆಗೆಯಿಸಿ, ಆಗ್ನೇಯಭಾಗದಲ್ಲಿ ಸಂತ ಮಾರ್ಕನ ಹೆಸರಿನ ಆಂಗ್ಲಿಕನ್ ಪ್ರಾರ್ಥನಾಮಂದಿರವನ್ನು ಕಟ್ಟಿದರು. ಮೊನಚಾದ ಕಮಾನುಗಳೂ ಬಣ್ಣದ ಗಾಜಿನ ಕಿಟಕಿಗಳೂ ಉಳ್ಳ ಈ ಗಾಥಿಕ್ ಶೈಲಿಯ ಕಟ್ಟಡವು ಕೊಡಗಿನ ಗಾರೆಯಾನೆಗಳ ನೆರೆಯಲ್ಲಿ ನಿಂತಿರುವುದು ವಿಚಿತ್ರವಾದ ಜೋಡಣೆಯೇ ಸರಿ. ಅರಮನೆಗೂ ಬದಲಾವಣೆಗಳು ತಪ್ಪಲಿಲ್ಲ. ೧೯೩೩ರಲ್ಲಿ ಅದಕ್ಕೆ ಗಡಿಯಾರದ ಗೋಪುರವನ್ನೂ ಕಮಿಷನರ ಮೋಟಾರು ನಿಲ್ಲುವುದಕ್ಕೆ ಮುಖಮಂಟಪವನ್ನೂ ಸೇರಿಸಿದರು. ಅರಸನ ಆನೆಗೆಂದು ಅಳತೆಮಾಡಿದ್ದ ಹಾದಿಯಲ್ಲಿ ಅಧಿಕಾರಿಯ ಮೋಟಾರು ಬಂದು ನಿಂತಿತು.

೪. ಸಭೆಯಾದ ಕೋಟೆ

೧೯೨೪ರಲ್ಲಿ ಕೊಡಗಿಗೆ ಒಂದು ಶಾಸನಪರಿಷತ್ತು ದೊರೆಯಿತು; ಹದಿನೈದು ಮಂದಿ ಚುನಾಯಿತರು, ಐವರು ಸರಕಾರದಿಂದ ನೇಮಕವಾದವರು. ಸ್ವಾತಂತ್ರ್ಯಾನಂತರ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿ, ೧೯೫೨ರ ಚುನಾವಣೆಯಿಂದ ಇಪ್ಪತ್ತನಾಲ್ಕು ಮಂದಿಯ ವಿಧಾನಸಭೆಯು ಏರ್ಪಟ್ಟು, ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಅದರ ಕಲಾಪಗಳು ನಡೆದುದು ಕೋಟೆಯಲ್ಲಿಯೇ. ೧೯೫೬ರ ನವೆಂಬರ್ ೧ರಂದು ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದೊಡನೆ ಆ ಸಭೆಯು ಮುಗಿಯಿತು. ಆದರೆ ಸಭಾಂಗಣದ ಹೆಸರು ಮುಗಿಯಲಿಲ್ಲ. ಕೋಟೆಯ ವಿಧಾನಸಭಾಂಗಣವೆಂಬ ಮಾತು ಮಡಿಕೇರಿಯಲ್ಲಿ ಉಳಿದುಕೊಂಡು, ಬಳಿಕ ಬಹುಕಾಲ ಅಲ್ಲಿ ಸಾರ್ವಜನಿಕ ಸಭೆ ಸಮಾರಂಭಗಳು ನಡೆದುವು. ಅರಸನೊಬ್ಬನ ಆಜ್ಞೆ ಹೊರಡುತ್ತಿದ್ದ ಆವರಣದಲ್ಲಿ ಪ್ರಜೆಗಳ ಪ್ರತಿನಿಧಿಗಳು ವಾದಿಸಿದರು. ಅವರು ಎದ್ದುಹೋದ ಮೇಲೆ ಸಾಮಾನ್ಯರು ಬಂದು ಕುಳಿತರು. ಕೋಟೆಯ ಇತಿಹಾಸದಲ್ಲಿ ನಿಜವಾದ ತಿರುವು ಯಾವುದೆಂದು ಕೇಳಿದರೆ ಇದನ್ನೇ ತೋರಿಸಬೇಕು.

ಪ್ರಾರ್ಥನಾಮಂದಿರಕ್ಕೂ ಇಂತಹದೇ ಪುನರ್ಜನ್ಮವಾಯಿತು. ಆಂಗ್ಲರು ಹೊರಟುಹೋದ ಮೇಲೆ ಮುಚ್ಚಿಹೋಗಿದ್ದ ಆ ಕಟ್ಟಡವನ್ನು ೧೯೭೧ರಲ್ಲಿ ರಾಜ್ಯಸರಕಾರವು ವಸ್ತುಸಂಗ್ರಹಾಲಯಕ್ಕೆ ಬಳಸಿಕೊಂಡಿತು. ಜೈನಮೂರ್ತಿಗಳು, ವೀರಗಲ್ಲುಗಳು, ಹಳೆಯ ಆಯುಧಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಸಂಬಂಧಿಸಿದ ವಸ್ತುಗಳು ಇಂದು ಆ ಬಣ್ಣದ ಗಾಜಿನ ಬೆಳಕಿನಲ್ಲಿವೆ. ಜಿಲ್ಲಾಡಳಿತದ ಕಚೇರಿಗಳು ಕಾಲಕ್ರಮದಲ್ಲಿ ಅರಮನೆಯನ್ನು ಬಿಟ್ಟು ಹೊಸ ಕಟ್ಟಡಗಳಿಗೆ ಹೋದುವು. ಹೀಗೆ ತೆರವಾದ ಅರಮನೆಗೆ ಮುಂದೇನು ಕೆಲಸವೆಂಬ ಪ್ರಶ್ನೆಯು ಸಹಜವಾಗಿಯೇ ಎದುರಿಗೆ ಬಂದಿದೆ.

೫. ಕೊಡಗಿನ ರಂಗ ಮತ್ತು ಕೋಟೆ

ಕೊಡಗಿಗೆ ನಾಟಕವು ಹೊಸದಲ್ಲ. ಅಪ್ಪನೆರವಂಡ ಹರದಾಸ ಅಪ್ಪಚ್ಚಕವಿಗಳು (೧೮೬೮–೧೯೪೪) ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂಬ ನಾಲ್ಕು ಪೌರಾಣಿಕ ವಸ್ತುಗಳನ್ನು ಕೊಡವ ಭಾಷೆಯ ನಾಟಕಗಳನ್ನಾಗಿ ಬರೆದು, ಆ ಭಾಷೆಗೆ ಗ್ರಂಥಸ್ಥವಾದ ರಂಗಸಾಹಿತ್ಯವನ್ನು ತಂದುಕೊಟ್ಟರು. ಆದರೆ ಕೊಡಗಿನ ಅತ್ಯಂತ ವಿಶಾಲವಾದ ನಾಟಕವನ್ನು ನೋಡಬೇಕಾದರೆ ಮಡಿಕೇರಿಯ ದಸರೆಗೆ ಹೋಗಬೇಕು. ನವರಾತ್ರಿಯ ಮೊದಲಲ್ಲಿ ಕುಂದುರುಮೊಟ್ಟೆ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ ಎಂಬ ನಾಲ್ಕು ಶಕ್ತಿದೇವತೆಗಳ ಕರಗಗಳು ಹೊರಡುವುವು. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಬೀದಿಗೆ ಬರುವುವು. ಒಂದೊಂದು ಮಂಟಪದ ಮೇಲೆಯೂ ಪುರಾಣದ ಒಂದು ಪ್ರಸಂಗ. ಚಲಿಸುವ ದೊಡ್ಡ ಬೊಂಬೆಗಳು, ದೀಪ, ಧ್ವನಿ, ಹೊಗೆ. ರಾಕ್ಷಸನು ಬೀಳುವ ವರೆಗೆ ಜನರು ಚಳಿಯಲ್ಲಿ ಬೆಳಗಿನ ತನಕ ನಿಂತಿರುವರು.

ಈ ಹೆಸರುಗಳಲ್ಲಿ ದಂಡು, ಕೋಟೆ ಎಂಬ ಎರಡು ಮಾತುಗಳು ಬಂದಿರುವುದನ್ನು ವಾಚಕರು ಗಮನಿಸಬೇಕು. ಹತ್ತು ಮಂಟಪಗಳಲ್ಲೊಂದು ಕೋಟೆಯ ಮಹಾಗಣಪತಿಯದು. ಅಂದಮೇಲೆ ಹಳೆಯ ಸೈನಿಕಸ್ಥಾನವು ಪ್ರತಿವರ್ಷವೂ ಒಂದು ರಾತ್ರಿ ತನ್ನ ಪಾಲಿನ ನಾಟಕವನ್ನು ಊರಿಗೆ ಕಳುಹಿಸಿಕೊಡುತ್ತಲೇ ಇದೆ. ಇಲ್ಲಿ ಪ್ರೇಕ್ಷಕರು ಕೋಟೆಗೆ ಹೋಗುವುದಿಲ್ಲ. ಕೋಟೆಯ ದೇವರೇ ಪ್ರೇಕ್ಷಕರ ಬಳಿಗೆ ಬರುವನು. ಇದು ಸಾಮಾನ್ಯವಾದ ವ್ಯತ್ಯಾಸವಲ್ಲವೆಂಬುದನ್ನು ಮುಂದಣ ಪ್ರಕರಣವು ತೋರಿಸುವುದು.

೬. ದಂಡಿನ ಕಟ್ಟಡವು ರಂಗಕ್ಕೆ ಒಗ್ಗುವುದೆ?

ಸೈನ್ಯದ ಕಟ್ಟಡಗಳು ನಾಟಕಶಾಲೆಗಳಾದುದಕ್ಕೆ ಬೇರೆಡೆ ಉದಾಹರಣೆಗಳುಂಟು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಬೆಂಗಳೂರು ರೈಫಲ್ ವಾಲಂಟಿಯರ್ ದಳದ ಕಟ್ಟಡವು ಬಿ. ಆರ್. ವಿ. ಎಂಬ ಅದರ ಹೆಸರನ್ನೇ ಇಟ್ಟುಕೊಂಡು ಚಿತ್ರಮಂದಿರವಾಗಿ ಬಹುಕಾಲ ನಡೆದು, ಕಡೆಗೆ ಮತ್ತೆ ಸೈನಿಕರ ಮಾರಾಟಮಳಿಗೆಯಾಯಿತು. ಪ್ಯಾರಿಸ್ ನಗರದ ಅಂಚಿನ ವ್ಯಾಂಸೆನ್ ವನದಲ್ಲಿ ತೋಟಾಗಳನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಗೆ ೧೯೭೦ರಲ್ಲಿ ಆರಿಯಾನ್ ಮ್ನುಷ್ಕಿನ್ ಎಂಬಾಕೆಯ ನಾಟಕಮಂಡಲಿಯು ಬಂದು ನೆಲೆಸಿ, ಅದನ್ನು ಲೋಕಪ್ರಸಿದ್ಧವಾದ ರಂಗಸ್ಥಳವನ್ನಾಗಿ ಮಾಡಿತು. ನ್ಯೂಯಾರ್ಕಿನಲ್ಲಿ ಏಳನೆಯ ರೆಜಿಮೆಂಟಿನವರು ೧೮೮೦ರ ಸುಮಾರಿನಲ್ಲಿ ಕಟ್ಟಿಸಿದ ಕವಾಯತುಶಾಲೆಯು ಸುಮಾರು ೫೫,೦೦೦ ಚದರ ಅಡಿಗಳ ಒಂದೇ ಅಂಗಣವುಳ್ಳದ್ದಾಗಿ, ಈ ಶತಮಾನದಲ್ಲಿ ದೊಡ್ಡ ಪ್ರಯೋಗಗಳಿಗೆ ಆಶ್ರಯವಾಗಿದೆ.

ಇವೆಲ್ಲವೂ ಹೀಗೆ ಒಗ್ಗಿದುದಕ್ಕೆ ಕಾರಣವು ಸ್ಪಷ್ಟ. ಕವಾಯತಿಗೂ ಕಾರ್ಖಾನೆಗೂ ನಡುವೆ ಕಂಬಗಳಿಲ್ಲದ ಅಗಲವಾದ ಸಮತಟ್ಟು ನೆಲ, ಎತ್ತರವಾದ ಮಾಡು, ದೊಡ್ಡ ಬಾಗಿಲು ಬೇಕು. ನಾಟಕಕ್ಕೂ ಬೇಕಾದುವು ಇವೇ. ಕೋಟೆಯ ವಿಷಯವಾದರೋ ಹಾಗಲ್ಲ. ಕೋಟೆಯ ಗುಣವೇ ರಂಗಶಾಲೆಯ ದೋಷ. ಒಳಗೆ ಬರುವವನನ್ನು ಆದಷ್ಟು ನಿಧಾನಮಾಡಲೆಂದು ತಿರುಚಿದ ದಾರಿಯು ಹೊರಗೆ ಹೋಗುವವನನ್ನೂ ಅಷ್ಟೇ ನಿಧಾನಮಾಡುವುದು. ನೂರಾರು ಜನ ಕುಳಿತ ಶಾಲೆಯಲ್ಲಿ ಬೆಂಕಿಯ ಭಯ ಹುಟ್ಟಿದರೆ ಎಲ್ಲರೂ ಕೆಲವೇ ನಿಮಿಷಗಳಲ್ಲಿ ಬಯಲಿಗೆ ಬರುವಂತಿರಬೇಕು. ಒಂದೇ ಕಡೆಗೆ ತೆರೆಯುವ ಕೋಟೆಬಾಗಿಲು ಆಗ ರಕ್ಷೆಯಾಗುವುದರ ಬದಲು ಅಪಾಯವಾದೀತು. ಮರದ ಅಟ್ಟವೂ ಇಕ್ಕಟ್ಟಾದ ಮೆಟ್ಟಿಲೂ ಉಳ್ಳ ಅರಮನೆಯ ಮೇಲಂತಸ್ತಿಗೆ ಈ ಮಾತು ಇಮ್ಮಡಿಯಾಗಿ ಸಲ್ಲುವುದು.

ಎರಡನೆಯದು ಧ್ವನಿಯ ವಿಚಾರ. ಒಂದು ಶಾಲೆಯಲ್ಲಿ ಶಬ್ದವು ಹುಟ್ಟಿ ಅಡಗುವುದಕ್ಕೆ ಹಿಡಿಯುವ ಕಾಲವು ಆ ಶಾಲೆಯ ಘನಪರಿಮಾಣದೊಡನೆ ಹೆಚ್ಚುವುದು, ಶಬ್ದವನ್ನು ಹೀರತಕ್ಕ ವಸ್ತುಗಳ ಪ್ರಮಾಣದೊಡನೆ ತಗ್ಗುವುದು ಎಂದು ಅಮೆರಿಕದ ಸಬೈನ್ ಎಂಬ ವಿದ್ವಾಂಸನು ೧೯೦೦ರ ಸುಮಾರಿಗೆ ತೋರಿಸಿಕೊಟ್ಟನು. ಘನಮೀಟರುಗಳನ್ನು ೦.೧೬೧ರಿಂದ ಗುಣಿಸಿ, ಹೀರಿಕೆಯ ಚದರಮೀಟರುಗಳಿಂದ ಭಾಗಿಸಿದರೆ ಸೆಕೆಂಡುಗಳು ಬರುವುವು. ದೃಷ್ಟಾಂತಕ್ಕೆ ೧೫೦೦ ಘನಮೀಟರಿನ, ಗಾರೆಗೋಡೆಯ ಬರಿದಾದ ಶಾಲೆಯೊಂದನ್ನು ಊಹಿಸೋಣ. ಅದರ ಹೀರಿಕೆಯು ೬೦ ಚದರಮೀಟರಾದರೆ ಶಬ್ದವು ಸುಮಾರು ನಾಲ್ಕು ಸೆಕೆಂಡು ನಿಲ್ಲುವುದು; ಭಜನೆಗೆ ಅದು ಇಂಪಾಗಬಹುದು, ಸಂಭಾಷಣೆಯು ಮಾತ್ರ ಕಲಸಿಹೋಗುವುದು. ಅಲ್ಲಿಯೇ ೨೫೦ ಮಂದಿ ಕುಳಿತರೆ, ತಲೆಗೆ ಅರ್ಧ ಚದರಮೀಟರಿಗೆ ತುಸು ಕಡಿಮೆಯಂತೆ ಹೀರಿಕೆಯು ಹೆಚ್ಚಿ, ಕಾಲವು ಒಂದೂವರೆ ಸೆಕೆಂಡಿನೊಳಕ್ಕೆ ಇಳಿಯುವುದು. ನಾಟಕದ ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಒಂದು ಸೆಕೆಂಡಿನ ಆಸುಪಾಸು ಬೇಕು. ಉಳಿದುದನ್ನು ತೆರೆ, ಚಾಪೆ, ಮರದ ಹಲಗೆಗಳಿಂದ ಸರಿಪಡಿಸಬಹುದು. ಇವು ಗೋಡೆಗೆ ಮೊಳೆಹೊಡೆಯದೆ ಇರಿಸಿ ತೆಗೆಯಬಹುದಾದ ಸಾಧನಗಳೆಂಬುದು ಹಳೆಯ ಕಟ್ಟಡದ ದೃಷ್ಟಿಯಿಂದ ದೊಡ್ಡ ಅನುಕೂಲ.

ಮೂರನೆಯದು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನ ವರೆಗೆ ಬಯಲುರಂಗದ ಮಾತೇ ಇಲ್ಲ. ಅಷ್ಟೇ ಅಲ್ಲ, ಮಾಡಿನ ಒಂದು ಹೆಂಚು ಸರಿದರೆ ಸಾಕು, ನೀರು ಅಟ್ಟದ ತೊಲೆಗೆ ಇಳಿದು, ಅಲ್ಲಿಂದ ಗಾರೆಗೆ ಸೇರಿ, ಕೆಲವು ಮಳೆಗಾಲಗಳಲ್ಲಿಯೇ ಗೋಡೆಯನ್ನು ಸಡಿಲಿಸುವುದು. ಜನರಿರುವ ಮನೆಯಲ್ಲಿ ಸೋರಿದೊಡನೆ ಯಾರಾದರೂ ನೋಡುವರು. ಬೀಗಹಾಕಿದ ಮನೆಯಲ್ಲಿ ಯಾರೂ ನೋಡುವುದಿಲ್ಲ. ಬರಿದಾಗಿ ಬಿಟ್ಟ ಕಟ್ಟಡವು ಬಳಸಿದ ಕಟ್ಟಡಕ್ಕಿಂತ ಬೇಗ ಕೆಡುವುದಕ್ಕೆ ಇದೇ ಮುಖ್ಯ ಕಾರಣ.

೭. ಕಟ್ಟಳೆ ಮತ್ತು ಸಮಾಧಾನ

ಕೋಟೆಯು ಸಂರಕ್ಷಿತ ಸ್ಮಾರಕವಾದುದರಿಂದ ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ಒಳಪಟ್ಟಿದೆ. ೨೦೧೦ರ ತಿದ್ದುಪಡಿಯಂತೆ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆ ಇನ್ನೂರು ಮೀಟರು ನಿಯಂತ್ರಿತ. ಇದರ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಸತ್ಕಾರ, ವಿನೋದಪ್ರದರ್ಶನಗಳನ್ನು ಕೇಂದ್ರಸರಕಾರದ ಲಿಖಿತ ಅನುಮತಿಯಿಲ್ಲದೆ ನಡೆಯಿಸಕೂಡದು. ರೂಢಿಯಲ್ಲಿ ಬಂದ ಧಾರ್ಮಿಕ ಆಚರಣೆಗಳಿಗೆ ಈ ನಿರ್ಬಂಧವಿಲ್ಲ. ಕಾಯಿದೆಯು ರಂಗವನ್ನು ಕೇವಲ ನಿಷೇಧಿಸುವುದೆಂದು ಕೆಲವರು ತಿಳಿಯುವುದುಂಟು. ವಾಸ್ತವವಾಗಿ ಅದು ಹೇಳುವುದು, ಕೇಳಿ ಮಾಡು, ಕೆಡಿಸದೆ ಮಾಡು ಎಂದು.

ಹಾಗಾದರೆ ಅರಮನೆಯನ್ನು ನಾಟಕಶಾಲೆ ಮಾಡಬೇಕೆ? ಮೇಲಣ ವಿಚಾರಗಳನ್ನು ಕೂಡಿಸಿ ನೋಡಿದರೆ, ಪೂರ್ಣಪ್ರಮಾಣದ ನಾಟಕಶಾಲೆಯಾಗಿ ಅದನ್ನು ಮಾರ್ಪಡಿಸುವುದು ಉಚಿತವಲ್ಲವೆಂದು ತೋರುತ್ತದೆ. ಬಾಗಿಲು ಒಡೆಯದೆ, ಗೋಡೆ ಬಿಚ್ಚದೆ ಅದು ಸುರಕ್ಷಿತವಾಗದು. ಒಡೆದು ಬಿಚ್ಚಿದರೆ ಕೋಟೆಯು ಕೋಟೆಯಾಗಿ ಉಳಿಯದು. ಆದರೆ ನಡುವಣ ಅಂಗಳವು ಬೇರೆಯ ಮಾತು. ನಾಲ್ಕು ಕಡೆಯ ಜಗಲಿಗಳಿಂದ ನೋಡಬಹುದಾದ, ಮೇಲೆ ಆಕಾಶವುಳ್ಳ, ಒಂದು ಕಾಲಕ್ಕೆ ಕೆಲವೇ ಮಂದಿ ಕುಳಿತುಕೊಳ್ಳತಕ್ಕ ಆ ತೊಟ್ಟಿಯಲ್ಲಿ, ಬೇಸಗೆಯ ಸಂಜೆಗಳಲ್ಲಿ ಹಗಲಿನ ಬೆಳಕಿರುವಾಗಲೇ ಮುಗಿಯುವಂತೆ ಒಂದು ವಾಚನ, ಒಂದು ಬಾಳೊಪಾಟು, ಅಪ್ಪಚ್ಚಕವಿಗಳ ನಾಟಕದ ಒಂದು ಪ್ರವೇಶ ಇವನ್ನು ನಡೆಯಿಸಿದರೆ ಕಲ್ಲಿಗೂ ಕೇಡಿಲ್ಲ, ಜನರಿಗೂ ಭಯವಿಲ್ಲ. ಆಗ ಸೋರುವ ಹೆಂಚನ್ನು ನೋಡುವ ಕಣ್ಣುಗಳೂ ಅಲ್ಲಿರುವುವು.

ಕೋಟೆಯು ೧೭೯೦ರಲ್ಲಿಯೂ ೧೮೩೪ರಲ್ಲಿಯೂ ಕೈ ಬದಲಾಯಿಸಿದಾಗ ಅದರ ಗೋಡೆಗಳು ಯಾರನ್ನೂ ತಡೆಯಲಿಲ್ಲ. ಒಮ್ಮೆ ಹಸಿವು, ಇನ್ನೊಮ್ಮೆ ಅರಸನ ಗೈರುಹಾಜರಿ ಅದರ ಬಾಗಿಲನ್ನು ತೆರೆದುವು. ಇಂದು ಅದನ್ನು ಮುತ್ತಿರುವ ಶತ್ರು ಮಳೆ ಮತ್ತು ಮರೆವು. ಇವೆರಡನ್ನು ಗೋಡೆಯು ತಡೆಯಲಾರದು. ಒಳಗೆ ಬಂದು ಕುಳಿತು, ಕೇಳಿ, ನೋಡಿ, ಮರಳಿ ಹೋಗುವ ಜನರು ಮಾತ್ರ ತಡೆಯಬಲ್ಲರು.